ಟಾಕಿ ಕೂತ್ರ ಆತು ಅನ್ನೋ ಮಾತು

ಹೋದ ತಿಂಗಳ ರವಿವಾರ ಪೇಟೆಯೊಳಗ ನನ್ನ ಓಮ್ನಿ ನಿಂತಿದ್ದನ್ನ ನಮ್ಮ ಕಡೆಯವರು ನಾಲ್ಕೈದು ಮಂದಿ ನೋಡ್ಯಾರ. ಊರಿಗೆ ಬರೋದ್ರೊಳಗ "ಏನಾಗಿತ್ರಿ ಗಾಡಿಗೆ" ಅಂತ ಫೋನ್ ಶುರು ಆದವು. ಒಬ್ಬೊಬ್ಬರಿಗೆ ಒಂದೊಂದು ತುಣುಕು ಹೇಳೋದಕ್ಕಿಂತ ಪೂರಾ ಬರೆದುಬಿಡೋಣ ಅಂತ ಕುಂತೀನಿ. ಸ್ವಲ್ಪ ಉದ್ದ ಆಗತೈತಿ. ಹಳೇ ಓಮ್ನಿ, ಹಳೇ ಜೀಪು ಇಟ್ಕೊಂಡವರು ಮಾತ್ರ ಕಡೀತನಕ ಓದ್ರಿ.

ಆರು ಚೀಲ ಅಕ್ಕಿ ಹಾಕ್ಕೊಂಡು ಹೊಂಟಿದ್ದೆ. ಜೋಡಿ ತಂಗಿ ಮಗ ಇದ್ದ. ಗೇಜಿನ ಮುಳ್ಳು ತಳಕ್ಕ ಕುಂತಿತ್ತು, ಅದಕ್ಕ ಖಾನಾಪುರದಾಗ ಫುಲ್ ಹಾಕ್ರಿ ಅಂದೆ. ಹನ್ನೆರಡು ಲೀಟರಿಗೇ ನಳಿಗೆ ತಟಕ್ಕನ ನಿಂತಿತು. ಖಾಲಿ ಟಾಕಿಗೆ ಹನ್ನೆರಡೇ ಲೀಟರ್ ಹೆಂಗ ಹಿಡಿಸಿತು ಅಂತ ಒಂದು ಗಳಿಗಿ ಅನಿಸಿತು ಖರೇ, ಆದ್ರ ಅಲ್ಲಿಗೇ ಬಿಟ್ಟೆ. "ಇನ್ನಷ್ಟು ಹಾಕ್ರಿ" ಅಂದೆ, ಅವ ಕುತ್ತಿಗಿಮಟ ತುಂಬಿದ. ದೇಸೂರ, ಮಚ್ಛೆ, ಪೀರನವಾಡಿ ದಾಟಿ ಪೇಟೆ ಮುಟ್ಟುವಾಗ ಮಧ್ಯಾಹ್ನ ಆಗಿತ್ತು. ಎರಡನೇ ಚೀಲ ಹೆಗಲಿಗೆ ಏರಿಸಿದ ಹಮಾಲ ಅಲ್ಲೇ ನಿಂತ. "ಮಾಲಕ್ರ, ಪೆಟ್ರೋಲ್ ವಾಸನಿ ಬರಾಕತ್ತೈತ್ರಿ."

ಬಗ್ಗಿ ನೋಡಿದೆ. ಟಾಕಿಯ ಮೈಗುಂಟ ಸಣ್ಣ ದಾರದಂಗ ಪೆಟ್ರೋಲ್ ಇಳಿದು ಗಾಡಿ ಕೆಳಗ ಅಂಗೈ ಅಗಲ ಹಸಿ ಆಗಿತ್ತು. ಆ ಗಲ್ಲಿ ನಿಮಗ ಗೊತ್ತೈತಿ. ಎರಡೂ ಕಡೆ ಚೀಲದ ಥಪ್ಪಿ, ನಡುವ ಕೈಗಾಡಿ, ಟೆಂಪೋ, ಅದರ ಸಂದಿಯೊಳಗ ಮಂದಿ. ನನ್ನ ಗಾಡಿಗೆ ನಾಲ್ಕು ಮಾರು ದೂರದಾಗ ಇನ್ನೊಬ್ಬ ಹಮಾಲ ಕೈಗಾಡಿಗೆ ಆತು ನಿಂತು ಬಾಯಾಗ ಬೀಡಿ ಇಟ್ಟು ಕಡ್ಡಿಪೆಟ್ಟಿಗಿ ತೆಗೆದಿದ್ದ. ಅಂಗಡಿಯವರು ಗದ್ದಿಗಿಯಿಂದಲೇ "ಕಾಡಿ ಓಢೂ ನಕೋ ರೇ!" ಅಂತ ಚೀರಿದರು. ಅವ ಬೀಡಿ ಕಿವಿ ಸಂದಿಗೆ ಸಿಗಿಸಿಕೊಂಡ. ಗಾಡಿ ಚಾಲೂ ಮಾಡಲಿಲ್ಲ. ಐದಾರು ಮಂದಿ ಸೇರಿ ದೂಡಿ ಗಲ್ಲಿ ಹೊರಗ ಬಯಲಿಗೆ ತಂದ್ವಿ. ನೆಲದ ಮ್ಯಾಲೆ ಉಸುಕು ಚೆಲ್ಲಿದರು. ಅಕ್ಕಿ ಕೈಗಾಡಿ ಮ್ಯಾಲೆ ಹೋತು.

ಇಷ್ಟೇ ಆಗಿದ್ದು. ಯಾರಿಗೂ ಏನೂ ಆಗಲಿಲ್ಲ. ಆದ್ರ ಆ ಕಡ್ಡಿ ಒಂದು ನಿಮಿಷ ಮೊದಲ ಗೀರಿದ್ರ ಅನ್ನೋದು ಇನ್ನೂ ತಲಿಯಿಂದ ಹೋಗಿಲ್ಲ. ಇದು ಪೆಟ್ರೋಲ್ ಪಂಪಿನವನ ತಪ್ಪಲ್ಲ, ಗಾಡಿ ಹಳೇದಾಗಿದ್ದರ ತಪ್ಪೂ ಅಲ್ಲ. ಮೂರು ತಿಂಗಳ ಹಿಂದ ನಾನ ಹೂಂ ಅಂದು ಹಾಕಿಸಿದ ಬ್ಯಾರೆ ಮಾಡೆಲ್ಲಿನ ಟಾಕಿಯ ಫಲ.

ಹಳೇ ಟಾಕಿ ಯಾಕ ಹೋತು

ನನ್ನದು 1998ರ ಓಮ್ನಿ, ಕಾರ್ಬುರೇಟರ್ ಗಾಡಿ. ಮಾರುತಿ ವ್ಯಾನ್ ಅಂತ 1984ರಾಗ ಬಂದು, ಆಮ್ಯಾಲೆ ಓಮ್ನಿ ಅಂತ ಹೆಸರು ಬದಲಾಗಿ, 2019ರತನಕ ಫ್ಯಾಕ್ಟರಿಯಿಂದ ಇಳಿದ ಗಾಡಿ ಇದು. ಮೂವತ್ತೈದು ವರ್ಷ ಹೊರಗಿನ ಡಬ್ಬಿ ಹೆಚ್ಚುಕಡಿಮೆ ಅದ, 796 ಸಿಸಿ ಇಂಜಿನ್ನೂ ಅದ. ನಮ್ಮ ಕಡೆ ಹಾಲಿನ ಕ್ಯಾನು, ಗೊಬ್ಬರ, ಗೆಣಸು, ಮದುವಿ ಮಂದಿ, ಬಾಣಂತಿ ಎಲ್ಲಾ ಇದರಾಗ ಹೋಗ್ಯಾರ. ಹೊರಗಿಂದ ಒಂದೇ ಥರ ಕಾಣೋದ ಇದರ ಗುಣ. ಟಾಕಿ ಬದಲಿ ಮಾಡುವಾಗ ಅದ ದೊಡ್ಡ ಮೋಸ.

ಖಾನಾಪುರ ತಾಲೂಕಿನ ಮಳಿ ನಿಮಗ ಹೇಳಬೇಕಿಲ್ಲ. ನಾಲ್ಕು ತಿಂಗಳು ಗಾಡಿ ಕೆಳಗ ಕೆಂಪು ರಾಡಿ ಹತ್ತಿ, ಒಣಗಿ, ಮತ್ತ ಹತ್ತತೈತಿ. ಟಾಕಿಯ ಮ್ಯಾಲಿನ ತಗಡೂ ಕೆಳಗಿನ ತಗಡೂ ಕೂಡುವ ಅಂಚಿನೊಳಗ ಆ ರಾಡಿ ಕುಂತು ಒಣಗೋದ ಇಲ್ಲ. ಹೊರಗಿನಿಂದ ಅದು ತಿಂತೈತಿ. ಒಳಗಿನಿಂದ ನೀರು ತಿಂತೈತಿ. ಟಾಕಿ ಅರ್ಧಕ್ಕಿಂತ ಕಡಿಮಿ ಇಟ್ಟು ಗಾಡಿ ನಿಲ್ಲಿಸಿದ್ರ ಉಳಿದ ಜಾಗದಾಗ ಹಸಿ ಗಾಳಿ ಇರತೈತಿ, ರಾತ್ರಿ ತಂಪಿಗೆ ಅದು ಬೆವತು ಹನಿಯಾಗಿ ತಳಕ್ಕ ಇಳೀತೈತಿ. ಮಳೆಗಾಲದಾಗ ನಾನು ಗಾಡಿ ತೆಗೆಯೋದು ಕಡಿಮಿ, ಪೆಟ್ರೋಲ್ ಹಾಕಿಸೋದೂ ಇನ್ನೂರು ರೂಪಾಯಿದು. ಅಂದ್ರ ನನ್ನ ಟಾಕಿ ನಾನ ಕೆಡಿಸಿದೆ.

ಇದಕ್ಕ ಈಗ ಇನ್ನೊಂದು ಸೇರೇತಿ. ಇ-20 ಪೆಟ್ರೋಲ್ 2023ರ ಫೆಬ್ರುವರಿಯೊಳಗ ಬೆಂಗಳೂರಾಗ ಶುರು ಮಾಡಿದರು, ಈಗ ಎಲ್ಲಾ ಕಡೆ ಅದ. ಐದನೇ ಒಂದು ಪಾಲು ಇಥೆನಾಲ್. ಬೆಳಗಾವಿ ಜಿಲ್ಲೆಯ ಕಬ್ಬಿನವರು ನಾವು, ಇಥೆನಾಲ್ ಬ್ಯಾಡ ಅನ್ನಾಕ ನನಗ ಬಾಯಿಲ್ಲ. ನಮ್ಮ ಕಬ್ಬು ಕಾರ್ಖಾನಿಗೆ ಹೋಗಿ ನಮ್ಮ ಟಾಕಿಗೇ ತಿರುಗಿ ಬರಾಕತ್ತೈತಿ, ಬರಲಿ. ಆದ್ರ ಇಥೆನಾಲಿನ ಗುಣ ತಿಳಕೊಂಡಿರಬೇಕು. ಪೆಟ್ರೋಲ್ ನೀರಿನ ಜೋಡಿ ಕೂಡೋದಿಲ್ಲ, ಇಥೆನಾಲ್ ಕೂಡತೈತಿ. ನೀರು ಅಳತಿ ಮೀರಿದ್ರ ನೀರೂ ಇಥೆನಾಲೂ ಸೇರಿ ಪೆಟ್ರೋಲಿನಿಂದ ಬ್ಯಾರೆ ಆಗಿ ತಳಕ್ಕ ಕೂರತಾವು. ಟಾಕಿಯ ಗ್ವಾಡಿಗೆ ಇಪ್ಪತ್ತು ವರ್ಷದಿಂದ ಹತ್ತಿದ ಅಂಟು, ತುಕ್ಕು ಇವನ್ನ ಇಥೆನಾಲ್ ಸಡಲ ಮಾಡತೈತಿ. ಹಳೇ ರಬ್ಬರ್ ಪೈಪು ಉಬ್ಬಿಸತೈತಿ, ಇಲ್ಲಾ ಬಿರುಕು ಬಿಡಸತೈತಿ. 2023ರ ಏಪ್ರಿಲ್ ಆದಮ್ಯಾಲಿನ ಗಾಡಿಗಳಿಗೆ ಇದಕ್ಕ ತಡೀವಂಥ ಪೈಪು, ಸೀಲು ಹಾಕ್ಯಾರ. ನನ್ನ 1998ರ ಗಾಡಿಗೆ ಯಾರು ಹಾಕ್ತಾರ? ನಾನ ಹಾಕಬೇಕು.

ಎಲ್ಲಾ ಓಮ್ನಿ ಒಂದ

ಟಾಕಿ ತಳ ಹನಿಯಾಕತ್ತಿದಾಗ ಮೂರು ಸಲಹೆ ಬಂದವು. ಒಬ್ಬರು ಎಂ-ಸೀಲ್ ಹಚ್ಚು ಅಂದರು. ಇನ್ನೊಬ್ಬರು ವೆಲ್ಡಿಂಗ್ ಮಾಡಿಸು ಅಂದರು. ಮೂರನೇದವರು, ನಾನು ಯಾವತ್ತೂ ಹೋಗುವ ಗ್ಯಾರೇಜಿನವರು, "ಗುಜರಿಯೊಳಗ ಒಂದು ಎಂಪಿಎಫ್‌ಐ ಓಮ್ನಿ ಟಾಕಿ ಐತಿ, ತುಕ್ಕ ಇಲ್ಲ, ಚೊಕ್ಕ ಐತಿ" ಅಂದರು. ನಾನು ಕೇಳಿದ್ದು ಒಂದ ಪ್ರಶ್ನೆ: "ಕೂರತೈತೇನು?"

"ಕೂರತೈತ್ರಿ. ಎಲ್ಲಾ ಓಮ್ನಿ ಒಂದ."

ಆಮ್ಯಾಲೆ ಇನ್ನೊಂದು ಕೇಳಿದೆ: "ಎಷ್ಟಾಗತೈತಿ?" ಟಾಕಿ, ಕೂಲಿ ಸೇರಿ 2,200 ಅಂದರು. ಆತು ಬಿಡ್ರಿ ಅಂದೆ. ಬೋಲ್ಟು ಕೂತವು, ಒಂದು ತೂತು ಸ್ವಲ್ಪ ಕಾನಸ ಹಾಕಿ ದೊಡ್ಡದು ಮಾಡಬೇಕಾತು. ಸಂಜೀಕ ಗಾಡಿ ಮನಿಗೆ ಬಂತು.

ಇಲ್ಲಿ ಅವರನ್ನ ಬೈಯಾಕ ನಾನು ಬರದಿಲ್ಲ. ನಾನು ಕೇಳಿದ ಎರಡು ಪ್ರಶ್ನೆಗೂ ಅವರು ಖರೇ ಉತ್ತರ ಕೊಟ್ಟಾರ. ಟಾಕಿ ಕೂತಿತು, ರೊಕ್ಕ ಹೇಳಿದಷ್ಟ ಆತು. ಕೇಳಬೇಕಾದ ಪ್ರಶ್ನೆ ನಾನು ಕೇಳಲಿಲ್ಲ. ಬೋರಿಗೆ ಮೋಟರ್ ಇಳಿಸುವಾಗ ಎಷ್ಟು ಸ್ಟೇಜು, ಎಷ್ಟು ಅಡಿ, ಯಾವ ಕೇಬಲ್ಲು, ಯಾವ ಪೈಪು ಅಂತ ಹತ್ತು ಸಲ ಕೇಳ್ತೀವಿ. ಗಾಡಿಗೆ ಬಂದ್ರ "ಕೂರತೈತೇನು, ಎಷ್ಟು" ಅಷ್ಟ.

ದಂಡಿ ಮ್ಯಾಲಿನ ಮೋಟರು, ಬೋರಿನ ಮೋಟರು

ಕಾರ್ಬುರೇಟರ್ ಗಾಡಿಗೂ ಎಂಪಿಎಫ್‌ಐ ಗಾಡಿಗೂ ಏನು ವ್ಯತ್ಯಾಸ ಅನ್ನೋದನ್ನ ನಮ್ಮ ಭಾಷೆಯಾಗ ಹೇಳ್ತೀನಿ.

ಕಾರ್ಬುರೇಟರ್ ಗಾಡಿ ಅಂದ್ರ ಬಾವಿ ದಂಡಿ ಮ್ಯಾಲೆ ಇಟ್ಟ ಮೋಟರಿದ್ದಂಗ. ಪೆಟ್ರೋಲ್ ಪಂಪು ಇಂಜಿನ್ನಿಗೆ ಹತ್ತಿಕೊಂಡು ಇರತೈತಿ, ಇಂಜಿನ್ ತಿರುಗಿದಾಗ ಅದರ ಕ್ಯಾಮು ಪಂಪಿನ ಪಡದಿ ಒತ್ತತೈತಿ, ಪಂಪು ದೂರದ ಟಾಕಿಯಿಂದ ಪೆಟ್ರೋಲ್ ಎಳಕೊಳ್ಳತೈತಿ. ಟಾಕಿಯೊಳಗ ಬರೇ ಒಂದು ನಳಿಗೆ, ತುದಿಗೆ ಜಾಳಗಿ. ನಮ್ಮ ಸಕ್ಷನ್ ಪೈಪು, ಫುಟ್‌ವಾಲ್ವು ಇದ್ದಂಗ.

ಎಂಪಿಎಫ್‌ಐ ಗಾಡಿ ಅಂದ್ರ ಬೋರಿನ ಸಬ್‌ಮರ್ಸಿಬಲ್. ಕರೆಂಟಿನ ಪಂಪು ಟಾಕಿಯ ಒಳಗ, ಪೆಟ್ರೋಲಿನೊಳಗ ಮುಳುಗಿ ಕುಂತಿರತೈತಿ. ಅಲ್ಲಿಂದ ದೂಡತೈತಿ. ಅದರ ಒತ್ತಡ ಮೂರು ಬಾರ್ ಹತ್ತಿರ, ನಮ್ಮ ಟೈರಿನ ಗಾಳಿಗಿಂತ ಹೆಚ್ಚು. ಕಾರ್ಬುರೇಟರಿಗೆ ಅದರ ಹತ್ತನೇ ಒಂದು ಪಾಲು ಸಾಕು.

ಈಗ ನನ್ನ ಗಾಡಿಗೆ ಮಾಡಿದ್ದೇನಂದ್ರ, ದಂಡಿ ಮ್ಯಾಲಿನ ಮೋಟರು ಹಂಗ ಇಟ್ಟು, ಅದರ ಸಕ್ಷನ್ ಪೈಪನ್ನ ಸುಟ್ಟ ಸಬ್‌ಮರ್ಸಿಬಲ್ಲಿನ ಬಾಯಿಗೆ ಜೋಡಿಸಿದ್ದು. ಗುಜರಿ ಟಾಕಿಯೊಳಗಿನ ಹಳೇ ಪಂಪು ತೆಗೆದಿರಲಿಲ್ಲ. ಸತ್ತ ಪಂಪಿನ ಹೊಟ್ಟಿಯೊಳಗಿಂದ ನನ್ನ ಗಾಡಿ ಪೆಟ್ರೋಲ್ ಹೀರಬೇಕಿತ್ತು. ಹೊಲದಾಗ ಯಾರರ ಹಿಂಗ ಮಾಡಿದ್ರ ಊರ ಮಂದಿ ನಗತಿದ್ರು.

ಟಾಕಿಯಿಂದ ಬರೋದು ಒಂದ ನಳಿಗೆ ಅಂತ ತಿಳಿದಿದ್ರ ಅದೂ ತಪ್ಪು. ನಾಲ್ಕು ದಾರಿ ಅದಾವು.

ಒಂದು, ಹೋಗುವ ದಾರಿ. ಪೆಟ್ರೋಲ್ ಇಂಜಿನ್ನಿಗೆ ಹೋಗೋದು.

ಎರಡು, ತಿರುಗಿ ಬರುವ ದಾರಿ, ರಿಟರ್ನ್. ಪಂಪು ಬೇಕಾದ್ದಕ್ಕಿಂತ ಹೆಚ್ಚು ಎಳೀತೈತಿ, ಉಳಿದದ್ದು ಟಾಕಿಗೆ ತಿರುಗಿ ಬರತೈತಿ. ಇದು ಬರೇ ಉಳಿತಾಯಕ್ಕಲ್ಲ. ಓಮ್ನಿ ಇಂಜಿನ್ ಸೀಟಿನ ಕೆಳಗ, ಗಾಳಿ ಕಡಿಮಿ, ಬಿಸಿ ಹೆಚ್ಚು. ಪೈಪಿನೊಳಗ ಪೆಟ್ರೋಲ್ ಕಾದು ಆವಿ ಗುಳ್ಳಿ ಆದ್ರ ಆ ಗುಳ್ಳಿ ಇದ ದಾರಿಯಿಂದ ಹಿಂದಕ್ಕ ಹೋಗಬೇಕು. ಇಲ್ಲಂದ್ರ ಪಂಪು ಆವಿ ಹೀರಿಕೋತ ಕೂರತೈತಿ, ಪೆಟ್ರೋಲ್ ಬರೋದಿಲ್ಲ.

ಮೂರು, ಉಸಿರಾಡುವ ದಾರಿ, ಬ್ರೀದರ್. ಪೆಟ್ರೋಲ್ ಹೊರಗ ಹೋದಷ್ಟು ಗಾಳಿ ಒಳಗ ಬರಬೇಕು. ಕಿಂಡಿ ಒಂದ ಇರುವ ಡಬ್ಬಿಯಿಂದ ಎಣ್ಣಿ ಸುರಿದು ನೋಡ್ರಿ, ಗುಳುಗುಳು ಅಂತ ನಿಂತು ನಿಂತು ಬರತೈತಿ. ಅದ ಕತಿ.

ನಾಲ್ಕು, ಗೇಜಿನ ದಾರಿ. ಟಾಕಿಯೊಳಗ ತೇಲುವ ಬೆಂಡು, ಅದಕ್ಕ ಒಂದು ಕಡ್ಡಿ, ಕಡ್ಡಿ ಮ್ಯಾಲೆ ಕೆಳಗ ಆದಂಗ ಕರೆಂಟಿನ ತಡೆ ಬದಲಾಗತೈತಿ, ಅದನ್ನ ನೋಡಿ ಡ್ಯಾಶ್‌ಬೋರ್ಡಿನ ಮುಳ್ಳು ಏರತೈತಿ, ಇಳೀತೈತಿ. ಟಾಕಿಯ ಬೆಂಡಿಗೂ ಡ್ಯಾಶಿನ ಮುಳ್ಳಿಗೂ ಲೆಕ್ಕ ಒಂದ ಇರಬೇಕು. ಒಂದು ಮಾಡೆಲ್ಲಿನ ಬೆಂಡು, ಇನ್ನೊಂದು ಮಾಡೆಲ್ಲಿನ ಮುಳ್ಳು ಅಂದ್ರ ಇಬ್ಬರು ಬ್ಯಾರೆ ಬ್ಯಾರೆ ಭಾಷೆ ಮಾತಾಡಿದಂಗ.

ನನ್ನ ಗಾಡಿಗೆ ಈ ನಾಲ್ಕರೊಳಗ ನಾಲ್ಕೂ ತಪ್ಪಿದ್ದವು.

ತಾನಾಗೇ ವಾಸಿ ಆದ ರೋಗ

ಮೊದಲನೇ ವಾರ ಹತ್ತು ಹದಿನೈದು ಕಿಲೋಮೀಟರ್ ಆದಮ್ಯಾಲೆ ಗಾಡಿ ತಡವರಿಸಿ ನಿಲ್ಲತಿತ್ತು. ಜಾಂಬೋಟಿ ಕಡೆ ಏರಿನೊಳಗ ಎಳೀತಿರಲಿಲ್ಲ. ಹತ್ತು ನಿಮಿಷ ಬಿಟ್ಟು ಚಾಲೂ ಮಾಡಿದ್ರ ಮತ್ತ ನಡೀತಿತ್ತು. ಒಂದು ದಿನ ನಿಂತಾಗ ಟಾಕಿಯ ಮುಚ್ಚಳ ತೆಗೆದೆ, ಸುಯ್ ಅಂತ ಗಾಳಿ ಒಳಗ ಹೋತು. ಅದು ಏನಂತ ಅವತ್ತು ನನಗ ತಿಳೀಲಿಲ್ಲ. ಈಗ ಗೊತ್ತು. ಜೋಡಿಸುವಾಗ ಹೆಚ್ಚಿಗಿ ಉಳಿದ ನಳಿಗೆಗಳಿಗೆ ಒಂದೊಂದು ಬೋಲ್ಟು ತುರುಕಿ ಕ್ಲಾಂಪ್ ಬಿಗಿದಿದ್ದರು. ಅದರಾಗ ಒಂದು ರಿಟರ್ನ್, ಒಂದು ಬ್ರೀದರ್. ಮುಚ್ಚಳದೊಳಗಿನ ಸಣ್ಣ ವಾಲ್ವು ನಮ್ಮ ಕೆಂಪು ಮಣ್ಣಿನಿಂದ ಮೊದಲ ಹಿಡಿದಿತ್ತು. ಟಾಕಿಗೆ ಉಸಿರ ಇರಲಿಲ್ಲ.

ಮೂರನೇ ವಾರಕ್ಕ ಗಾಡಿ ನಿಲ್ಲೋದು ತಾನಾಗೇ ಬಿಟ್ಟಿತು. ನಾನು ಖುಷಿಪಟ್ಟೆ. "ಹೊಸ ಟಾಕಿ ಹೊಂದಿಕೊಂತು" ಅಂತ ಮನಿಯಾಗ ಹೇಳಿದೆ.

ಈ ಮಾತನ್ನ ದಯಮಾಡಿ ನೆನಪಿಟ್ಕೊಳ್ರಿ. ಗಾಡಿ ತಾನಾಗೇ ವಾಸಿ ಆಗೋದಿಲ್ಲ. ಆಗಿದ್ದೇನಂದ್ರ, ಟಾಕಿ ನೆತ್ತಿ ಮ್ಯಾಲೆ ಪಂಪಿನ ತಟ್ಟಿ ಕೂರುವಲ್ಲಿ ಹಳೇ ಗ್ಯಾಸ್ಕೆಟ್ಟಿಗೆ ಸಿಲಿಕಾನ್ ಹಚ್ಚಿ ಕೂಡಿಸಿದ್ದರು. ಸಾದಾ ಸಿಲಿಕಾನ್ ಪೆಟ್ರೋಲಿಗೆ ತಡಿಯೋದಿಲ್ಲ, ಉಬ್ಬಿ ಸಿಪ್ಪಿ ಏಳತೈತಿ. ಅದು ಎದ್ದಿತು. ಆ ಸಂದಿಯಿಂದ ಗಾಳಿ ಒಳಗ ಹೋಗಾಕ ಹತ್ತಿತು, ಅದಕ್ಕ ಗಾಡಿ ನಿಲ್ಲೋದು ಬಿಟ್ಟಿತು. ಗಾಳಿ ಒಳಗ ಹೋಗುವ ಸಂದಿಯಿಂದ ಪೆಟ್ರೋಲ್ ಹೊರಗ ಬರೋದಿಲ್ಲೇನು? ಟಾಕಿ ಅರ್ಧ ಇದ್ದಷ್ಟು ದಿನ ಪೆಟ್ರೋಲ್ ಅಲ್ಲಿಗೆ ಮುಟ್ಟತಿರಲಿಲ್ಲ, ಬರೇ ವಾಸನಿ ಇತ್ತು. ಗೇಜು ಸುಳ್ಳು ಹೇಳಿದ್ದಕ್ಕ ಕುತ್ತಿಗಿಮಟ ತುಂಬಿಸಿದ ದಿನ ಮುಟ್ಟಿತು. ಆ ದಿನ ನಾನು ರವಿವಾರ ಪೇಟೆಯೊಳಗ ಇದ್ದೆ.

ಒಂದು ತಪ್ಪು ಇನ್ನೊಂದು ತಪ್ಪನ್ನ ಮುಚ್ಚಿತು, ಮೂರನೇದು ಎರಡನ್ನೂ ಬೈಲಿಗೆ ತಂತು.

ಹಂಗಾದ್ರ ಹಳೇ ಗಾಡಿ ಮಾರಬೇಕೇನು?

ಈ ಕತಿ ಕೇಳಿದವರೊಳಗ ಅರ್ಧ ಮಂದಿ "ಮಾರಿಬಿಡ್ರಿ, ಎಷ್ಟು ದಿನ ಎಳೀತೀರಿ" ಅಂದರು. ಉಳಿದರ್ಧ "ನನ್ನ ಗಾಡಿಗೂ ಹಂಗ ಹಾಕೇತಿ, ಹತ್ತು ವರ್ಷ ಆತು, ಏನೂ ಆಗಿಲ್ಲ" ಅಂದರು. ನಾನು ಇಬ್ಬರ ಮಾತೂ ಒಪ್ಪೋದಿಲ್ಲ.

ಮಾರು ಅನ್ನೋದು ಸರಳ. ಆದ್ರ ಹೊಲದ ರಸ್ತೆಗೆ, ಆರು ಚೀಲಕ್ಕ, ವರ್ಷಕ್ಕ ನಾಲ್ಕು ಸಾವಿರ ಕಿಲೋಮೀಟರಿಗೆ ಯಾರು ಹೊಸ ಗಾಡಿಯ ಕಂತು ಕಟ್ಟತಾರ? ಹದಿನೈದು ವರ್ಷ ಆದ ಕಾರಿನ ನೋಂದಣಿ ನವೀಕರಣಕ್ಕ 2022ರ ಏಪ್ರಿಲ್‌ದಿಂದ 600 ಇದ್ದ ಫೀ 5,000 ಮಾಡಿದ್ದರು. ಅದನ್ನ ಕಟ್ಟಿ, ಗಾಡಿ ತೋರಿಸಿ, ಕಾಗದ ಚೊಕ್ಕ ಇಟ್ಕೊಂಡು ಓಡಿಸಾಕತ್ತೀನಿ. ರೊಕ್ಕ ಕಟ್ಟಿದ ಗಾಡಿ ಮ್ಯಾಲೆ ನನಗ ಹಕ್ಕೈತಿ, ಅದರ ಜೋಡಿ ಒಂದು ಜವಾಬ್ದಾರಿನೂ ಐತಿ. ಗಾಡಿ ಹಳೇದಿರಲಿ, ಅದರ ಪೆಟ್ರೋಲಿನ ದಾರಿ ಹೊಸದಿರಬೇಕು.

ಏನೂ ಆಗಿಲ್ಲ ಅನ್ನೋರಿಗೆ ಒಂದ ಮಾತು. ನನಗೂ ಮೂರು ತಿಂಗಳು ಏನೂ ಆಗಿರಲಿಲ್ಲ. ಎಂಪಿಎಫ್‌ಐ ಟಾಕಿಯನ್ನ ಕಾರ್ಬುರೇಟರ್ ಗಾಡಿಗೆ ಹಾಕಬಾರದು ಅಂತ ನಾನು ಹೇಳಾಕತ್ತಿಲ್ಲ. ಪಂಪು ಪೂರಾ ತೆಗೆದು, ಅದರ ಜಾಗಕ್ಕ ಹಿತ್ತಾಳಿ ನಳಿಗೆ, ಜಾಳಗಿ ಇರುವ ತಟ್ಟಿ ಮಾಡಿಸಿ, ರಿಟರ್ನು, ಬ್ರೀದರು ಸರಿಯಾಗಿ ಜೋಡಿಸಿ, ನಮ್ಮ ಗೇಜಿನ ಬೆಂಡನ್ನ ಕೂಡಿಸಿದ್ರ ಆಗತೈತಿ. ಉದ್ಯಮಬಾಗದಾಗ ಅಂಥ ತಟ್ಟಿ ತಿರುಗಿಸಿ ಕೊಡುವ ಟರ್ನರ್‌ಗಳಿಗೆ ಬರ ಇಲ್ಲ. ಬೆಳಗಾವಿ ಊರೇ ಲೇತಿನ ಮ್ಯಾಲೆ ನಿಂತೈತಿ. ಆದ್ರ ಅದು ಒಂದು ದಿನದ ಕೆಲಸ, ಒಂದು ತಾಸಿಂದಲ್ಲ. ಒಂದು ತಾಸಿನ ರೊಕ್ಕ ಕೊಟ್ಟು ಒಂದು ದಿನದ ಕೆಲಸ ಕೇಳೋದು ನಮ್ಮ ತಪ್ಪು.

ಉಲ್ಟಾ ಮಾತ್ರ ಮಾಡಬ್ಯಾಡ್ರಿ. ಎಂಪಿಎಫ್‌ಐ ಗಾಡಿಗೆ ಕಾರ್ಬುರೇಟರ್ ಟಾಕಿ ಹಾಕಿ, ಹೊರಗ ಕರೆಂಟಿನ ಪಂಪು ಕಟ್ಟಿ ಓಡಿಸುವವರೂ ಅದಾರ. ಕಾರ್ಬುರೇಟರ್ ಗಾಡಿಯ ಸಕ್ಷನ್ ಪೈಪು ಸೀಳಿದ್ರ ಅದು ಗಾಳಿ ಹೀರತೈತಿ, ಗಾಡಿ ನಿಲ್ಲತೈತಿ, ಅಷ್ಟ. ಎಂಪಿಎಫ್‌ಐ ಪೈಪು ಸೀಳಿದ್ರ ಮೂರು ಬಾರ್ ಒತ್ತಡದಿಂದ ಪೆಟ್ರೋಲ್ ಪಿಚಕಾರಿ ಹೊಡೀತೈತಿ, ಅದೂ ಬಿಸಿ ಇಂಜಿನ್ ಹತ್ತಿರ. ಹೊಲದ ಮೋಟರಿಗೂ ಇದ ನಿಯಮ ಅಲ್ಲೇನು? ಸಕ್ಷನ್ ಪೈಪಿಗೆ ತೂತು ಬಿದ್ರ ನೀರು ಬರೋದಿಲ್ಲ, ಡೆಲಿವರಿ ಪೈಪಿಗೆ ಬಿದ್ರ ಕಾರಂಜಿ. ಪೈಪಿನೊಳಗೂ ಜಾತಿ ಅದಾವು. ಎಸ್‌ಎಇ ಜೆ30 ಆರ್7 ಅಂತ ಬರೆದದ್ದು ಕಡಿಮಿ ಒತ್ತಡದ್ದು, ಆರ್9 ಅಂತ ಬರೆದದ್ದು ಇಂಜೆಕ್ಷನ್ ಗಾಡಿದು. ಏನೂ ಬರೆಯದ ಕರೀ ಪೈಪು ಗಾಳಿಗೆ, ನೀರಿಗೆ. ಪೆಟ್ರೋಲಿಗೆ ಅಲ್ಲ.

ವೆಲ್ಡಿಂಗ್ ಬಗ್ಗೆ, ಬೈದ್ರೂ ಪರವಾಗಿಲ್ಲ

ಟಾಕಿ ಖಾಲಿ ಮಾಡೇವಿ, ಎರಡು ದಿನ ಬಿಸಲಾಗ ಇಟ್ಟೇವಿ, ಈಗ ವೆಲ್ಡ್ ಮಾಡಬಹುದು ಅನ್ನೋದು ಜೀವ ತೆಗೆಯುವ ಮಾತು. ಪೆಟ್ರೋಲ್ ತುಂಬಿದ ಟಾಕಿಗಿಂತ ಖಾಲಿ ಟಾಕಿ ಅಪಾಯ. ಗಾಳಿಯೊಳಗ ಪೆಟ್ರೋಲ್ ಆವಿ ನೂರಕ್ಕ ಒಂದೂವರಿಯಿಂದ ಏಳೂವರಿ ಪಾಲು ಇದ್ರ ಸಾಕು, ಕಿಡಿ ಬಿದ್ರ ಸಿಡೀತೈತಿ. ಖಾಲಿ ಟಾಕಿಯೊಳಗ ತುಕ್ಕಿನ ಸಂದಿಯೊಳಗ ಉಳಿದ ಒಂದು ಚಮಚ ಪೆಟ್ರೋಲು ಅಷ್ಟು ಆವಿ ಮಾಡತೈತಿ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಮ್ಯಾಲೆ ಹಾರಿ ಹೋಗೋದಿಲ್ಲ, ತಳದಾಗ ಕೂರತೈತಿ. ಅದಕ್ಕ ರವಿವಾರ ಪೇಟೆಯೊಳಗ ನಾಲ್ಕು ಮಾರು ದೂರದ ಕಡ್ಡಿಗೂ ಅಷ್ಟು ಅಂಜಿದ್ದು. ನೆಲಗುಂಟ ಹರೀತೈತಿ ಅದು.

ತಿಳಿದವರು ಹೆಂಗ ಮಾಡತಾರಂದ್ರ, ಬಿಸಿನೀರು, ಸೋಪಿನಪುಡಿ ಹಾಕಿ ನಾಲ್ಕೈದು ಸಲ ತೊಳೆದು, ಹಬೆ ಹಾಯಿಸಿ, ಬೆಸಗಿ ಹಾಕುವ ಜಾಗ ಒಂದು ಬಿಟ್ಟು ಉಳಿದದ್ದು ಪೂರಾ ನೀರು ತುಂಬಿ ಆಮ್ಯಾಲೆ ಬೆಂಕಿ ಮುಟ್ಟಸತಾರ. ರೇಡಿಯೇಟರ್ ಕೆಲಸ ಮಾಡುವ ಹಳೇ ಮಂದಿಗೆ ಇದು ಗೊತ್ತಿರತೈತಿ. ಅಂಥವರು ಸಿಕ್ಕರ ಮಾಡಿಸ್ರಿ. ಇಲ್ಲಾ ಟಾಕಿ ಬದಲಿ ಮಾಡ್ರಿ. ಊರಾಗಿನ ಗೇಟು, ಕಿಟಕಿ ಮಾಡುವ ವೆಲ್ಡಿಂಗ್ ಹುಡುಗರ ಕಡೆ ಒಯ್ಯಬ್ಯಾಡ್ರಿ. ಆ ಹುಡುಗ ನಿಮ್ಮ ಮ್ಯಾಲಿನ ಮರ್ಯಾದಿಗೆ ಒಲ್ಲೆ ಅನ್ನೋದಿಲ್ಲ.

ಜೀಪಿನವರಿಗೆ

ನಮ್ಮ ತಾಲೂಕಿನ ಕಾಡಂಚಿನ ಊರಾಗ ಇನ್ನೂ ಮಹೀಂದ್ರ ಜೀಪು ಅದಾವು. ಅದರೊಳಗ ಕೆಲವು ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಏರಿಸಿದವು. ಟಾಕಿ ಮಾತ್ರ ಪೆಟ್ರೋಲಿನದ. ಡೀಸೆಲ್ ಇಂಜಿನ್ನಿಗೆ ಪಂಪಿನಿಂದ, ಇಂಜೆಕ್ಟರಿನಿಂದ ಉಳಿದ ಎಣ್ಣಿ ಸದಾ ತಿರುಗಿ ಬರತಿರತೈತಿ. ಅದಕ್ಕ ಟಾಕಿಗೆ ಬ್ಯಾರೆ ಬಾಯಿ ಬೇಕ ಬೇಕು. ಅದಿಲ್ಲಂತ ರಿಟರ್ನ್ ಪೈಪನ್ನ ಹೋಗುವ ಪೈಪಿಗೇ ಟಿ ಹಾಕಿ ಕೂಡಿಸಿದ್ದನ್ನ ನೋಡೀನಿ. ಬಿಸಿ ಎಣ್ಣಿ, ಅದರ ಜೋಡಿ ಗಾಳಿ ಗುಳ್ಳಿ ಅಲ್ಲಲ್ಲೇ ತಿರುಗತಾವು, ಆಮ್ಯಾಲೆ "ಏರ್ ಹಿಡೀತೈತಿ" ಅಂತ ತಿಂಗಳಿಗೊಮ್ಮಿ ಮೆಕ್ಯಾನಿಕ್ ಬರತಾನ. ಇನ್ನೊಂದು, ಹೊಸ ಟಾಕಿ ಮಾಡಿಸುವಾಗ ತುಕ್ಕು ಹಿಡಿಯೋದಿಲ್ಲಂತ ನೀರಿನ ಟಾಕಿಯ ಜಸ್ತಾದ ತಗಡು ತರಬ್ಯಾಡ್ರಿ. ಡೀಸೆಲ್ಲಿಗೂ ಜಸ್ತಾಕೂ ಕೂಡಿ ಬರೋದಿಲ್ಲ, ಬಿಟ್ಟ ಗಸಿ ಫಿಲ್ಟರಿಗೆ, ಇಂಜೆಕ್ಟರಿಗೆ ಹೋಗಿ ಕೂರತೈತಿ.

ಗ್ಯಾಸ್ ಕಿಟ್ಟಿನ ವಿಷಯ ಬ್ಯಾರೆನ. ಅದೇ ಎಣ್ಣಿಯ ಟಾಕಿ ಬದಲಿ ಮಾಡಿದ್ರ ಆರ್‌ಸಿ ಮ್ಯಾಲೆ ಏನೂ ಬದಲಾಗೋದಿಲ್ಲ. ಪೆಟ್ರೋಲ್ ಬಿಟ್ಟು ಗ್ಯಾಸು ಅಂದ್ರ ಆರ್‌ಟಿಓದಾಗ ಬರೆಸಬೇಕು. ಅಡಗಿಮನಿ ಸಿಲಿಂಡರಿನ ಮಾತಂತೂ ನನ್ನ ಮುಂದ ತೆಗೀಬ್ಯಾಡ್ರಿ.

ಕಡೀಕ ನಾನು ಮಾಡಿದ್ದು

ಗಾಡಿ ಟೋಚನ್ ಹಾಕಿ ಊರಿಗೆ ತಂದೆ. ಎರಡು ವಾರ ಹುಡುಕಿದಮ್ಯಾಲೆ ಬೆಳಗಾವಿಯೊಳಗ ಗುಜರಿಗೆ ಬಂದ ಒಂದು ಕಾರ್ಬುರೇಟರ್ ಓಮ್ನಿ ಸಿಕ್ಕಿತು. ಈ ಸಲ ಟಾಕಿ ಬಿಚ್ಚುವಾಗ ನಾನ ಬಾಜೂಕ ನಿಂತೆ. ಬಿಚ್ಚುವ ಮೊದಲ ಯಾವ ನಳಿಗೆ ಎಲ್ಲಿಗೆ ಹೋಗೇತಿ ಅಂತ ಫೋನಿನ್ಯಾಗ ಫೋಟೋ ಹೊಡಕೊಂಡೆ, ಪ್ರತಿ ನಳಿಗೆಗೂ ಬಣ್ಣದ ದಾರ ಕಟ್ಟಿದೆ.

ಗುಜರಿ ಟಾಕಿ ಆರಿಸುವವರಿಗೆ ನನ್ನ ಲೆಕ್ಕ ಇಷ್ಟು.

ನೆತ್ತಿ ಮ್ಯಾಲಿನ ತಟ್ಟಿ ನೋಡ್ರಿ. ಅಂಗೈಯಷ್ಟು ದೊಡ್ಡದಿದ್ದು, ದಪ್ಪ ವಾಯರು, ಕನೆಕ್ಟರ್ ಇದ್ರ ಅದು ಪಂಪು ಇರುವ ಎಂಪಿಎಫ್‌ಐ ಟಾಕಿ. ಸಣ್ಣ ತಟ್ಟಿ, ಒಂದೆರಡು ಸಪೂರ ವಾಯರು ಅಂದ್ರ ಬರೇ ಗೇಜಿಂದು.

ನಳಿಗೆ ಎಣಿಸ್ರಿ. ನಿಮ್ಮ ಹಳೇ ಟಾಕಿಗೆ ಎಷ್ಟೋ ಅಷ್ಟ ಇರಬೇಕು. ಹೆಚ್ಚಿದ್ರ ಯಾಕ ಅಂತ, ಕಡಿಮಿ ಇದ್ರ ಯಾವುದು ಅಂತ ತಿಳೀದ ರೊಕ್ಕ ಕೊಡಬ್ಯಾಡ್ರಿ. ಬೋಲ್ಟು ತುರುಕಿ ಮುಚ್ಚಬೇಕು ಅಂದ್ರ ಅಲ್ಲೇ ತಡೀರಿ.

ಒಳಗ ಬ್ಯಾಟರಿ ಬೆಳಕು ಬಿಟ್ಟು ನೋಡ್ರಿ, ಕಡ್ಡಿ ಗೀರಿ ಅಲ್ಲ. ಅಂಚುಗುಂಟ ಉಗುರಿನಿಂದ ಕೆರೀರಿ. ಪುಡಿ ಉದುರಿದ್ರ ಬಿಡ್ರಿ.

ಗೇಜಿನ ಬೆಂಡು ಹೊರಗ ತೆಗೆದು ಮೀಟರ್ ಹಚ್ಚಿ ಕೈಲೆ ಮ್ಯಾಲೆ ಕೆಳಗ ಮಾಡಿಸ್ರಿ. ಅಂಕಿ ಸಾವಕಾಶ ಏರಿ ಇಳೀಬೇಕು. ನಡುವ ಜಿಗಿದ್ರ ಅದು ಸವೆದೈತಿ. ನಿಮ್ಮ ಹಳೇ ಬೆಂಡು ಚಲೋ ಇದ್ರ ಅದನ್ನ ಹಾಕ್ರಿ.

ಪೈಪು, ಕ್ಲಾಂಪು, ಗ್ಯಾಸ್ಕೆಟ್ಟು, ಫಿಲ್ಟರು ಈ ನಾಲ್ಕೂ ಹೊಸವು. ಇದರಾಗ ಹಳೇದು ಒಂದೂ ಬ್ಯಾಡ. ಫಿಲ್ಟರ್ ಐನೂರು ಕಿಲೋಮೀಟರಿಗೆ ಮತ್ತೊಮ್ಮಿ ಬದಲಿ ಮಾಡ್ರಿ, ಹಳೇ ಟಾಕಿಯ ತುಕ್ಕು ಅಲ್ಲಿ ಬಂದು ಕುಂತಿರತೈತಿ.

ಮೊದಲ ಸಲ ಟಾಕಿ ಪೂರಾ ತುಂಬಿಸಿ, ಬಯಲಾಗ ಗಾಡಿ ನಿಲ್ಲಿಸಿ, ಒಂದು ತಾಸು ಬಿಟ್ಟು ಕೆಳಗ ರಟ್ಟು ಹಾಸಿ ನೋಡ್ರಿ. ಅರ್ಧ ಟಾಕಿ ಸುಳ್ಳು ಹೇಳತೈತಿ, ತುಂಬಿದ ಟಾಕಿ ಖರೇ ಹೇಳತೈತಿ.

ನನಗ ಈ ಸಲ ಎಲ್ಲಾ ಸೇರಿ 4,800 ರೂಪಾಯಿ ಬಿತ್ತು. ಮೊದಲಿನ 2,200 ನೀರಾಗ ಹೋತು. ಟಾಕಿ ಕೂಡಿಸಿದ್ದು ಅದ ಗ್ಯಾರೇಜಿನವರ. ಈ ಸಲ ಅವರಿಗೆ ಒಂದು ದಿನ ಕೊಟ್ಟೆ, ಒಂದು ದಿನದ ರೊಕ್ಕ ಕೊಟ್ಟೆ. ಅವರ ಒಂದು ಮಾತು ಹೇಳಿದರು, "ಹಿಂಗ ಮಾಡ್ರಿ ಅಂತ ಯಾರೂ ಹೇಳೋದ ಇಲ್ರಿ. ಎಲ್ಲಾರೂ ಸಂಜೀಕ ಗಾಡಿ ಬೇಕಂತಾರ." ಅದಕ್ಕ ನನ್ನ ಕಡೆ ಉತ್ತರ ಇರಲಿಲ್ಲ.

ಹೋದ ವಾರ ಮತ್ತ ರವಿವಾರ ಪೇಟೆಗೆ ಹೋಗಿದ್ದೆ. ಅದ ಹಮಾಲ ಗಾಡಿ ಗುರ್ತು ಹಿಡಿದು, ಚೀಲ ಇಳಿಸುವ ಮೊದಲ ಬಗ್ಗಿ ಕೆಳಗ ನೋಡಿದ. "ಏನಿಲ್ಲ, ಒಣಗೇತ್ರಿ ಮಾಲಕ್ರ" ಅಂದ. ನನ್ನ ಗಾಡಿ ಕೆಳಗ ನಾನು ನೋಡಬೇಕಿದ್ದದ್ದನ್ನ ಅವ ನೋಡಿದ್ದ.

ತೆಗೆದ ಎಂಪಿಎಫ್‌ಐ ಟಾಕಿ ನೀರು ತುಂಬಿ ನಮ್ಮ ಕಣದ ಮೂಲಿಯಾಗ ಇಟ್ಟೀನಿ. ನೆತ್ತಿ ಮ್ಯಾಲಿನ ತಟ್ಟಿ, ಸತ್ತ ಪಂಪು, ತುರುಕಿದ ಆ ಎರಡು ಬೋಲ್ಟು ಎಲ್ಲಾ ಇದ್ದಂಗ ಇಟ್ಟೀನಿ. ಟಾಕಿ ಬದಲಿ ಮಾಡಿಸುವವರು ಇದ್ರ ಮೊದಲ ಬಂದು ಅದನ್ನೊಮ್ಮಿ ಕೈಲೆ ಮುಟ್ಟಿ ನೋಡಿ ಹೋಗ್ರಿ. ಸಂಜಿ ಮುಂದ ನಾನು ಮನಿಯಾಗ ಇರ್ತೀನಿ.